ಗಾಜು ಸರಿ, ತಾರಿಹಾಳದ ಬಿಸಿಲಿಗೆ ಏನು ಮಾಡ್ತೀರಿ?

ಜರ್ಮನಿಯ ಆಲ್‌ಫೆಲ್ಡ್‌ನಲ್ಲಿರುವ, ಬೂಟಿನ ಅಚ್ಚು ಮಾಡುವ ಗಾಜಿನ ಗೋಡೆಯ ಫಾಗುಸ್ ಕಾರ್ಖಾನೆ ನೋಡಿ ಬಂದ ನಮ್ಮ ಹುಬ್ಬಳ್ಳಿ ಹುಡುಗಿಯ ಬರಹ ಓದಿ ಖುಷಿಯಾಯಿತು. ಆದರೆ 'ಇಡೀ ಕಾರ್ಖಾನೆ ವಾಸ್ತುಶಿಲ್ಪಿ ಗ್ರೋಪಿಯಸ್ ಕಲ್ಪನೆ' ಅಂತ ಅದರಲ್ಲಿ ಬರೆದಿದ್ದನ್ನು ಒಪ್ಪಲು ಆಗಲ್ಲ. ಯಾವ ಕೆಲಸ ಎಲ್ಲಿ ನಡೆಯಬೇಕು ಅನ್ನೋ ನಕ್ಷೆಯನ್ನು ಎಡ್ವರ್ಡ್ ವೆರ್ನರ್ ಅನ್ನೋ ಇನ್ನೊಬ್ಬ ವಾಸ್ತುಶಿಲ್ಪಿ ಮೊದಲೇ ಹಾಕಿಟ್ಟಿದ್ದರು. 1911ರಲ್ಲಿ ಗ್ರೋಪಿಯಸ್‌ಗೆ ಸಿಕ್ಕಿದ್ದು ಮುಖ್ಯವಾಗಿ ಹೊರಮೈ. ಆ ಕೆಲಸದಲ್ಲಿ ಅವರ ಜೊತೆಗಿದ್ದ ವಾಸ್ತುಶಿಲ್ಪಿ ಅಡಾಲ್ಫ್ ಮೇಯರ್ ಹೆಸರನ್ನಂತೂ ಬಿಟ್ಟೇಬಿಟ್ಟಿದ್ದೀರಿ! ಹಾಗಂತ ಆ ಹೊರಮೈ ಸಣ್ಣ ಕೆಲಸವಲ್ಲ. ಮೂಲೆಯಲ್ಲಿ ಕಂಬವೇ ಇಲ್ಲದೆ ಗಾಜಿಗೆ ಗಾಜು ಸೇರಿಸೋದು ಆ ಕಾಲಕ್ಕೆ ದೊಡ್ಡ ಧೈರ್ಯ.

ನಮ್ಮ ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶ 'ತಾರಿಹಾಳದಲ್ಲೂ ಇಂಥ ಗಾಜಿನ ಗೋಡೆ ಬರಲಿ' ಅಂದಿದ್ದೀರಲ್ಲ, ಏಪ್ರಿಲ್ ಮಧ್ಯಾಹ್ನ ಒಮ್ಮೆ ಅಲ್ಲಿ ನಿಂತು ನೋಡಿ ತಂಗಿ. ಅವರಿಗೆ ಬಿಸಿಲು ಬೇಕು, ನಮಗೆ ಬೆಳಕಷ್ಟೇ ಸಾಕು. ನಮ್ಮಪ್ಪ ದುಡಿದ ಗದಗಿನ ಜಿನ್ನಿಂಗ್ ಫ್ಯಾಕ್ಟರಿಯ (ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ) ಚಾವಣಿ ಗರಗಸದ ಹಲ್ಲಿನ ಹಾಗಿತ್ತು, ಗಾಜು ಉತ್ತರದ ಕಡೆ ಮಾತ್ರ. ನೇರ ಬಿಸಿಲು ಒಳಗೆ ಬೀಳುತ್ತಿದ್ದುದು ಕಡಿಮೆ. ಆದರೂ ಅರಳೆಯಲ್ಲಿ ಸಿಕ್ಕ ಎಲೆಚೂರು ಕಾಣುವಷ್ಟು ಬೆಳಕು. (ಧೂಳಿನ ಮಾತು ಬೇಡ ಬಿಡಿ.)

ಇನ್ನೊಂದು. ಫಾಗುಸ್ ಕಾರ್ಖಾನೆಯನ್ನು ಸುಮ್ನೆ 'ಮ್ಯೂಸಿಯಂ' ಅಂತ ಕರೆದಿದ್ದೀರಿ. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೂ ಅಲ್ಲಿ ಬೂಟಿಗೆ ಆಕಾರ ಕೊಡುವ ಪಾದದಾಕಾರದ ಅಚ್ಚು ತಯಾರಾಗುತ್ತಿದೆ. ಮೊದಲು ಮರದ್ದು, ಈಗ ಪ್ಲಾಸ್ಟಿಕ್. ನಮ್ಮ ಕಡೆ ಜಿನ್ ಮುಚ್ಚಿದರೆ ಮೊದಲು ತಗಡು ಮಾರಾಟ, ಆಮೇಲೆ ಲೇಔಟ್. ಹಳೇ ಗೋಡೆ ಕೆಡವದೆ ಹೊಸ ಯಂತ್ರ ಹೇಗೆ ಕೂರಿಸಿದರು ಅಂತ ಅಲ್ಲಿ ಕೇಳಿದ್ದರೆ ದಯವಿಟ್ಟು ಅದನ್ನೂ ಬರೆಯಿರಿ.