ತುಂಡು ಎಣಿಸುವ ಮೊದಲು ಅಗಲ ನೋಡಿ

ತುಂಬಾ ಜನಕ್ಕೆ ಪಿಜ್ಜಾ ತರಿಸುವಾಗ ತಲೆಗೆ ಮೂರು ತುಂಡು ಅಂತ ಲೆಕ್ಕ ಹಾಕಿ ಅಂತಾರೆ, ಸರಿ, ಆದರೆ ಎಷ್ಟು ದೊಡ್ಡ ಪಿಜ್ಜಾದ ತುಂಡು ಅಂತ ಹೇಳೋದೇ ಇಲ್ಲವಲ್ಲ! 8 ಇಂಚಿನದು ಎರಡು ತಂದರೂ 12 ಇಂಚಿನ ಒಂದಕ್ಕೆ ಸಮ ಆಗಲ್ಲ. ಅಗಲ ಒಂದೂವರೆ ಪಟ್ಟು ಆದರೆ ತಿನ್ನೋಕೆ ಎರಡೂಕಾಲು ಪಟ್ಟು ಸಿಗುತ್ತದೆ. ತಲೆಗೆ ಮೂರರಂತೆ 16 ಜನಕ್ಕೆ 48 ತುಂಡು, ಅಂದರೆ 8 ತುಂಡಿನ ದೊಡ್ಡದು ಆರು ಸಾಕು. ನಮ್ಮ ತೀರ್ಥಹಳ್ಳಿ ಕಡೆ ನೆಂಟರು ಸೇರಿದಾಗ ಅದರಲ್ಲೂ ಒಂದು ಕಡಿಮೆ ಮಾಡಬಹುದು, ಯಾಕಂದ್ರೆ ಅಜ್ಜ ಅಜ್ಜಿಯರು ಒಂದು ತುಂಡು ರುಚಿ ನೋಡಿ ಮಜ್ಜಿಗೆ ಅನ್ನಕ್ಕೇ ಕೂರುತ್ತಾರೆ. ಶಿವಮೊಗ್ಗದಿಂದ ತರುವಷ್ಟರಲ್ಲಿ ಹೇಗೂ ಆರಿರುತ್ತದೆ, ಅಲ್ವಾ? ದೋಸೆ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಳ ಮುಚ್ಚಿ ಇಡಿ, ಚೀಸ್ ಮತ್ತೆ ಕರಗಿ ತಳ ಗರಿಗರಿ ಆಗುತ್ತದೆ.