ಆರಡಿ ಬೇಡ, ನಾಲ್ಕಡಿ ಸಾಕು

ಘಟ್ಟದ ಮೇಲಿದ್ದುಕೊಂಡು ಸಮುದ್ರದ ಮೀನು ಸಾಕುವವರು ನಮ್ಮ ಕಡೆ ಬೆರಳೆಣಿಕೆಯಷ್ಟು. ಅದರಲ್ಲೂ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರು, ಕಲ್ಲು, ಹವಳ ಎಲ್ಲ ಇರುವಂಥದ್ದು ಇಟ್ಟವರು ಇನ್ನೂ ಕಡಿಮೆ. ಹಾಗಾಗಿ ತೀರ್ಥಹಳ್ಳಿ ಆಸುಪಾಸಿನಲ್ಲಿ ಯಾರಿಗಾದರೂ ಟ್ಯಾಂಕ್ ದೊಡ್ಡದು ಮಾಡುವ ಆಸೆ ಹುಟ್ಟಿದರೆ ನನಗೊಂದು ಫೋನು ಬರುತ್ತದೆ. "ಆರಡಿ ಮಾಡ್ಸೋಣ ಅಂತ ಇದ್ದೀನಿ, ಎಂತ ಹೇಳ್ತೀರಿ?" ನಾಲ್ಕಡಿ ಸಾಕು ಅನ್ನುತ್ತೇನೆ. ಅವರಿಗೆ ಬೇಜಾರಾಗುತ್ತದೆ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಎರಡಡಿಯಿಂದ ನಾಲ್ಕಡಿಗೆ ಬಂದವನು. ಹಳೆಯದರಲ್ಲಿ ಸುಮಾರು 125 ಲೀಟರ್ ಹಿಡಿಯುತ್ತಿತ್ತು. ಈಗಿನದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಅಳತೆ ಲೆಕ್ಕಕ್ಕೆ 450 ಲೀಟರ್. ಕೆಳಗೆ ಸಂಪ್ ಬೇರೆ, ಅಂದರೆ ಪಂಪು, ಫಿಲ್ಟರ್ ಕೂರಿಸುವ ಚಿಕ್ಕ ತೊಟ್ಟಿ. ನೀರು ಜಾಸ್ತಿ ಆದಷ್ಟೂ ಸಾಕುವುದು ಸುಲಭ ಅಂತ ಈ ಹವ್ಯಾಸದವರೆಲ್ಲ ಹೇಳುತ್ತಾರೆ. ಅದು ನಿಜ. ಕಲ್ಲಿನ ಸಂದಿಯಲ್ಲಿ ಒಂದು ಮೀನು ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ. ಅಷ್ಟೇ ಅಮೋನಿಯಾ 125 ಲೀಟರಿನಲ್ಲಿ ಮಿಕ್ಕ ಮೀನುಗಳನ್ನೂ ಕೊಲ್ಲಬಹುದು, 450 ಲೀಟರಿನಲ್ಲಿ ನಿಮಗೆ ಒಂದು ದಿನದ ಅವಕಾಶ ಸಿಗುತ್ತದೆ. ತಾಪಮಾನವೂ ಹಾಗೆಯೇ. ರೀಫ್‌ಗೆ ಬೇಕಿರುವುದು 25–26 ಡಿಗ್ರಿ. ನಮ್ಮ ಮನೆಯಲ್ಲಿ ಜುಲೈ ಥಂಡಿಗೆ ಕೋಣೆ 21–22ಕ್ಕೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗ ಪೇಟೆಯಲ್ಲಿ 36–37 ಆಗುತ್ತದೆ. ಒಂದೇ ಟ್ಯಾಂಕಿಗೆ ಮಳೆಗಾಲದಲ್ಲಿ ಹೀಟರ್, ಬೇಸಿಗೆಯಲ್ಲಿ ಫ್ಯಾನ್. ಒಣ ಹವೆಯಲ್ಲಿ ಫ್ಯಾನ್ ಗಾಳಿಗೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಳೆಗಾಲದ ಒದ್ದೆ ಹವೆಯಲ್ಲಿ ಅದು ಸುಮ್ನೆ ತಿರುಗುತ್ತದೆ ಅಷ್ಟೇ, ಆದರೆ ಆಗ ಅದು ಬೇಕಾಗುವುದೂ ಇಲ್ಲ.

ಹಾಗಾದರೆ ಆರಡಿ ಇನ್ನೂ ಒಳ್ಳೆಯದಲ್ವಾ? ಕರೆಂಟು ಇದ್ದರೆ ಹೌದು.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿಂದೀಚೆಗೆ ನಾಡಿಗೆಲ್ಲ ಶರಾವತಿಯ ಕರೆಂಟು ಕೊಟ್ಟ ಜಿಲ್ಲೆ ನಮ್ಮದು. ಆದರೂ ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ನಮ್ಮೂರು ಕತ್ತಲು. ಇದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಸುರಿಯುವ ಮಳೆಯಲ್ಲಿ ಕಾಡಿನ ನಡುವೆ ಕಂಬ ಹತ್ತುವ ಲೈನ್‌ಮ್ಯಾನ್ ಕಷ್ಟ ನೋಡಿದವರಿಗೆ ಅದು ಗೊತ್ತು. ಆದರೆ ಟ್ಯಾಂಕಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಪಂಪ್ ನಿಂತರೆ ಫಿಲ್ಟರ್‌ಗಿಂತ ಮೊದಲು ಕೈಕೊಡುವುದು ಆಮ್ಲಜನಕ. ರಾತ್ರಿ ಹೊತ್ತು ಮೀನು, ಹವಳ, ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ನೀರಿನಲ್ಲಿರುವ ಆಮ್ಲಜನಕ ಎಳೆಯುತ್ತವೆ. ನೀರಿನ ಮೇಲ್ಮೈ ಅಲುಗದಿದ್ದರೆ ಹೊಸದು ಒಳಗೆ ಬರುವುದಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡಿ. ಮನೆ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹೆಸರಿಗೆ 1800 ವಾಟ್-ಅವರ್ ಇರುತ್ತದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಬಳಸಬಹುದು, ಅಂದರೆ 900. ನಾಲ್ಕಡಿ ಟ್ಯಾಂಕಿನ ಲೈಟು, ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ನೀರು ಅಲ್ಲಾಡಿಸುವ ವೇವ್‌ಮೇಕರ್ ಎಲ್ಲ ಸೇರಿ 225 ವಾಟ್ ಎಳೆದರೆ ನಾಲ್ಕು ಗಂಟೆಗೆ ಖಾಲಿ. ಅದೇ ಬ್ಯಾಟರಿಗೆ ನೇರವಾಗಿ ಒಂದು ಡಿಸಿ ವೇವ್‌ಮೇಕರ್ ಮತ್ತು ಏರ್ ಪಂಪ್ ಮಾತ್ರ ಕೊಟ್ಟು 20 ವಾಟ್‌ನಲ್ಲಿ ನಿಲ್ಲಿಸಿದರೆ 45 ಗಂಟೆ ಬರುತ್ತದೆ. ಒಂದೂವರೆ ದಿನಕ್ಕೂ ಜಾಸ್ತಿ. ಹವಳ ಎರಡು ದಿನ ಕತ್ತಲಲ್ಲಿ ಇದ್ದರೆ ಏನೂ ಆಗುವುದಿಲ್ಲ, ಸಮುದ್ರದಲ್ಲೂ ಮೋಡ ಕವಿಯುತ್ತದೆ. ಆರಡಿಗೆ ಹೋದರೆ ನೀರು 680 ಲೀಟರ್. ಅಲ್ಲಾಡಿಸಬೇಕಾದ ನೀರು, ಬಿಸಿ ಮಾಡಬೇಕಾದ ನೀರು ಎಲ್ಲವೂ ಒಂದೂವರೆ ಪಟ್ಟು. ಒಂದು ಬ್ಯಾಟರಿಯ ಧೈರ್ಯ ಅಲ್ಲಿ ಸಾಲುವುದಿಲ್ಲ. ಸೋಲಾರ್ ಹಾಕಿಸ್ತೀನಿ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ: ನಮ್ಮ ಜುಲೈನಲ್ಲಿ ನೀವು ಸೂರ್ಯನನ್ನು ಕೊನೆಯ ಸಲ ನೋಡಿದ್ದು ಯಾವಾಗ?

ಇನ್ನೊಂದು ವಿಷಯ. ಕರೆಂಟು ಹೋದ ಕೂಡಲೇ ಮೇಲಿನ ನೀರು ಪೈಪಿನಲ್ಲಿ ವಾಪಸ್ ಸಂಪಿಗೆ ಇಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇರಲೇಬೇಕು. ಟ್ಯಾಂಕ್ ಕೂರಿಸಿದ ದಿನವೇ ಬೇಕಂತಲೇ ಮೇನ್ ಸ್ವಿಚ್ ಆರಿಸಿ ನೋಡಿ. ಹಗಲಲ್ಲಿ, ಕೈಯಲ್ಲಿ ಬಟ್ಟೆ ಹಿಡಿದುಕೊಂಡು. ಉಪ್ಪುನೀರಿನ ಹತ್ತಿರ ಶಾಕ್ ಹೊಡೆಯದ ಹಾಗೆ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಆರ್‌ಸಿಸಿಬಿ ಇರಲಿ. ಮೇ ತಿಂಗಳ ಸಿಡಿಲಿಗೆ ಟಿವಿ ಕಳೆದುಕೊಂಡವರಿಗೆ ಅರ್ಥಿಂಗ್ ಬಗ್ಗೆ ನಾನು ಹೇಳಬೇಕಿಲ್ಲ.

ಬಿಲ್ಲಿನ ಮಾತು. ನಾಲ್ಕಡಿಗೆ ಪಂಪು, ಲೈಟು ಅಂತ ತಿಂಗಳಿಗೆ 95 ಯೂನಿಟ್ ಹತ್ತಿರ ಹೋಗುತ್ತದೆ. ಮಳೆಗಾಲದ ಹೀಟರ್ ಸೇರಿದರೆ 150 ದಾಟಬಹುದು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ನಮ್ಮ ಮನೆಯಲ್ಲಿ ಈಗ ಸೊನ್ನೆ ಬಿಲ್ ಅನ್ನುವುದು ಹಳೆಯ ಕಥೆ. "ಮೀನಿಗೆ ಕರೆಂಟು, ನಮಗೆ ಗ್ರೈಂಡರ್ ಹಾಕೋಕೂ ಲೆಕ್ಕ" ಅಂತ ಹೆಂಡತಿ ಹೇಳುತ್ತಾಳೆ. ಅದಕ್ಕೆ ಉತ್ತರ ಹುಡುಕುವ ಕೆಲಸಕ್ಕೆ ನಾನು ಹೋಗಿಲ್ಲ.

ಭಾರ: ನೀರು, ಗಾಜು, ಕಲ್ಲು, ಮರಳು ಸೇರಿದರೆ ನಾಲ್ಕಡಿಯೇ 600 ಕೆಜಿ ದಾಟುತ್ತದೆ. ಹಳೇ ಮನೆಯ ಮಾಳಿಗೆ ಮೇಲೆ ಇಡುವ ಯೋಚನೆಯೇ ಬೇಡ. ನೆಲದ ಮೇಲೆ, ಗೋಡೆ ಪಕ್ಕ, ಮಟ್ಟ ನೋಡಿ ಇಡಿ. ಸ್ಟ್ಯಾಂಡು ಹಲಸಿನ ಮರದ್ದಾದರೆ ಒಳ್ಳೆಯದು. ಕಬ್ಬಿಣವನ್ನು ಉಪ್ಪು ತಿಂದುಹಾಕುತ್ತದೆ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ ನೀರಿನದು. ಪಕ್ಕದ ತೋಟದ ಗೌಡರು ನನ್ನ ಉಪ್ಪಿನ ಚೀಲ ನೋಡಿದಾಗಲೆಲ್ಲ ಹೇಳುತ್ತಾರೆ: "ಎಂತಕ್ಕೆ ಮಾರಾಯ ದುಡ್ಡು ಸುರೀತೀಯ? ಘಟ್ಟ ಇಳಿದ್ರೆ ಸಮುದ್ರ. ಪಿಕಪ್‌ನಲ್ಲಿ ನಾಲ್ಕು ಡ್ರಮ್ ತಂದ್ರಾಯ್ತು." ತರಬಹುದು. ಆದರೆ ಯಾವ ನೀರು? ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಅಂಥ ಅಳಿವೆಗಳ ಸುತ್ತಮುತ್ತಲ ಕರಾವಳಿ ನೀರಿನಲ್ಲಿ ಸಿಹಿನೀರೂ ಕೆಸರೂ ಸೇರಿರುತ್ತವೆ. ರೀಫ್‌ಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂಶ ಬೇಕು, ವರ್ಷವಿಡೀ ಒಂದೇ ಸಮ. ದಡದ ನೀರಿನಲ್ಲಿ ಬೋಟಿನ ಡೀಸೆಲ್ಲೂ ಇರುತ್ತದೆ, ಚರಂಡಿಯೂ ಇರುತ್ತದೆ. ಅದಕ್ಕಿಂತ ನಮ್ಮ ಬಾವಿ ನೀರು ವಾಸಿ. ಮೊದಲೇ ಮೆದು ನೀರು. ಆರ್‌ಒ-ಡಿಐ ಫಿಲ್ಟರಿನಲ್ಲಿ ಹಾಯಿಸಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣದ ಅಂಶ, ಸೊನ್ನೆಗೆ ತಂದು ಉಪ್ಪು ಕಲೆಸಿದರೆ ಆಯಿತು. ಗಂಗಾ ಸ್ನಾನ, ತುಂಗಾ ಪಾನ ಅಂತಾರಲ್ಲ, ಆ ತುಂಗೆಯ ಸೀಮೆಯಲ್ಲಿ ಕೂತು ಸಮುದ್ರ ಮಾಡುತ್ತಿದ್ದೇವೆ. ಫಿಲ್ಟರ್ ಹೊರಹಾಕುವ ನೀರು ತೋಟಕ್ಕೆ ಹೋಗುತ್ತದೆ. ನಾಲ್ಕಡಿ ಮತ್ತು ಸಂಪ್ ತುಂಬಿಸಲು 17–18 ಕೆಜಿ ಉಪ್ಪು ಬೇಕು. ವಾರಕ್ಕೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಿದರೂ 45 ಲೀಟರ್. ಒಬ್ಬನೇ ಬಕೆಟ್ ಹೊರಬಲ್ಲ ಭಾರ ಅದು. ಉಪ್ಪಿನ ಚೀಲ ಮಾತ್ರ ಮಳೆಗಾಲದಲ್ಲಿ ಬಾಯಿ ಬಿಚ್ಚಿ ಇಡಬೇಡಿ, ಕಲ್ಲಾಗುತ್ತದೆ. ಗಾಳಿಯಾಡದ ಡ್ರಮ್ಮಿಗೆ ಹಾಕಿ ಮುಚ್ಚಿ.

ಈಗ ಬೆಂಗಳೂರಿನವರು ಯಾರೂ ಹೇಳದ ವಿಷಯ. ಮೈಲುತುತ್ತ.

ಅಡಿಕೆಗೆ ಕೊಳೆ ಬಾರದಿರಲಿ ಅಂತ ನಾವೆಲ್ಲ ಬೋರ್ಡೋ ಹೊಡೆಸುತ್ತೇವೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ಕಾಲು ಭಾಗ ತಾಮ್ರ. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಔಷಧಿಯಾಗಿ ಹಾಕುವ ತಾಮ್ರ ಲೀಟರಿಗೆ 0.2 ಮಿಲಿಗ್ರಾಂ ಹತ್ತಿರ. ಮೀನು ಅದನ್ನು ತಡೆದುಕೊಳ್ಳುತ್ತದೆ. ಸೀಗಡಿ, ಬಸವನಹುಳು, ಹವಳ ತಡೆಯುವುದಿಲ್ಲ. ಹಾಗಾಗಿ ಔಷಧಿ ಹೊಡೆಯುವ ದಿನಗಳಲ್ಲಿ ತೋಟದಿಂದ ಬಂದವರು ಯಾರೂ ಟ್ಯಾಂಕಿಗೆ ಕೈ ಹಾಕಬಾರದು, ಸೋಪು ಹಾಕಿ ತೊಳೆದಿದ್ದರೂ ಸರಿ. ಮೈಲುತುತ್ತ ಕರಗಿಸಿದ ಬಕೆಟ್ ಉಪ್ಪುನೀರಿಗೆ ಬರಬಾರದು. ಟ್ಯಾಂಕಿನ ಬಕೆಟ್, ಮಗ್, ಪೈಪ್ ಬೇರೆಯೇ ಇರಲಿ, ಮೇಲೆ ಕೆಂಪು ಬಣ್ಣದಲ್ಲಿ ಬರೆದಿರಲಿ. ಸ್ಪ್ರೇ ದಿನಗಳಲ್ಲಿ ಸೂರಿನ ನೀರು ಹಿಡಿಯಬೇಡಿ. ಬಚ್ಚಲಿನ ತಾಮ್ರದ ಹಂಡೆಯ ನೀರೂ ಬೇಡ. ಅದೇ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ ಕೂಡ ಬೇಡ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಇನ್ನು ಹವಳ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಟ್ಯಾಂಕ್ ದೊಡ್ಡದಾದ ಕೂಡಲೇ ಎಲ್ಲರಿಗೂ ಬಣ್ಣಬಣ್ಣದ ಗಟ್ಟಿ ಹವಳ ಬೇಕು. ವಾಟ್ಸಾಪಿನಲ್ಲಿ ಫೋಟೋ ಬರುತ್ತದೆ, "ಪರ್ಮಿಷನ್ ಎಲ್ಲ ಇದೆ ಸರ್" ಅನ್ನುತ್ತಾರೆ. ಕಾಗದ ತೋರಿಸಿ ಅಂದರೆ ಫೋನ್ ಕಟ್. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲವೂ, ಕರಿ ಹವಳ, ಬೆಂಕಿ ಹವಳ, ಸೀ ಫ್ಯಾನ್, ಆರ್ಗನ್ ಪೈಪ್ ಹವಳ ಇವು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ ಸೇರಿವೆ. ಸಮುದ್ರ ಕುದುರೆಯೂ ಹಾಗೆಯೇ. ಹುಲಿ, ಆನೆ ಇರುವ ಪಟ್ಟಿ ಅದು. 2023ರಲ್ಲಿ ಹುಲಿ ಉಗುರಿನ ಪದಕದ ಗಲಾಟೆ ಆದಾಗ ನಮ್ಮ ಊರುಗಳಲ್ಲಿ ಎಷ್ಟು ಮನೆಯವರು ಅಜ್ಜನ ಪೆಟ್ಟಿಗೆ ತೆಗೆದು ನೋಡಿದರು ಅಂತ ಎಲ್ಲರಿಗೂ ಗೊತ್ತು. ಹವಳಕ್ಕೂ ಅದೇ ಕಾನೂನು. ಸಮುದ್ರದಿಂದ ಕಿತ್ತು ತಂದ, ಜೀವಾಣು ತುಂಬಿದ ಕಲ್ಲು ಅಂತ ಮಾರುವ "ಲೈವ್ ರಾಕ್" ಕೂಡ ಬಹುಪಾಲು ಹವಳದ ಅಸ್ಥಿಪಂಜರವೇ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಡೈವಿಂಗ್ ಮಾಡಿದವರು ಅಲ್ಲಿ ಹವಳ ನೋಡಿದ್ದೀರಿ. ಅದು ಅಲ್ಲೇ ಇರಲಿ.

ನನ್ನಲ್ಲಿರುವುದು ಮೆತ್ತನೆ ಜಾತಿಗಳು. ಮಶ್ರೂಮ್, ಝೋವಾಂತಿಡ್, ಒಂದು ಲೆದರ್. ಅಲೆಗೆ ಇವು ಅಲ್ಲಾಡುವುದು ನೋಡಲು ಚೆಂದ, ಹೆಚ್ಚಿನ ಗಟ್ಟಿ ಹವಳ ಅಲ್ಲಾಡುವುದೇ ಇಲ್ಲವಲ್ಲ! ಕ್ಯಾಲ್ಸಿಯಂ ದಿನಾ ಸುರಿಯುವ ತಲೆನೋವಿಲ್ಲ, ನೀರು ಬದಲಿಸಿದರೆ ಸಾಕು. ಕರೆಂಟು ಹೋದರೂ ಗಟ್ಟಿ ಹವಳಕ್ಕಿಂತ ಜಾಸ್ತಿ ತಡೆಯುತ್ತವೆ. ನಮ್ಮ ಊರಿಗೆ ಇವೇ ಸರಿ.

ಹಳೆಯದರಿಂದ ಹೊಸದಕ್ಕೆ ಸಾಗಿಸುವಾಗ ಹಳೇ ನೀರಿಗೆ ಜಾಸ್ತಿ ಮರ್ಯಾದೆ ಕೊಡಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದು ಮುಖ್ಯವಾಗಿ ಕಲ್ಲಿನಲ್ಲಿ. ಹಳೇ ಕಲ್ಲು ಒದ್ದೆಯಾಗಿಯೇ ಹೊಸ ಟ್ಯಾಂಕಿಗೆ ಹೋಗಲಿ, ಪಕ್ಕದಲ್ಲಿ ಹೊಸ ಸೆರಾಮಿಕ್ ಕಲ್ಲು ಇಡಿ, ನಿಧಾನಕ್ಕೆ ಹರಡಿಕೊಳ್ಳುತ್ತದೆ. ಹಳೇ ಮರಳನ್ನು ಹಾಗೇ ಎತ್ತಿ ಹಾಕಬೇಡಿ. ಅದರ ಅಡಿಯಲ್ಲಿ ವರ್ಷಗಳ ಕೊಳೆ ಕೂತಿರುತ್ತದೆ, ಕದಡಿದರೆ ಅಮೋನಿಯಾ ಏರುತ್ತದೆ. ಹೊಸ ಮರಳೇ ಒಳ್ಳೆಯದು. ಒಂದೆರಡು ವಾರ ಅಮೋನಿಯಾ ಪರೀಕ್ಷೆ ಮಾಡುತ್ತಿರಿ. ಹೊಸ ಲೈಟನ್ನು ಮೊದಲ ದಿನವೇ ಪೂರ್ತಿ ಏರಿಸಿದರೆ ಹವಳ ಸುಟ್ಟು ಬಿಳಿಚಿಕೊಳ್ಳುತ್ತದೆ. ಕಡಿಮೆಯಿಂದ ಶುರು ಮಾಡಿ ವಾರಗಳ ಮೇಲೆ ಏರಿಸಿ.

ಒಂದು ಮಾತ್ರ ದಯವಿಟ್ಟು ನೆನಪಿಡಿ. ಕೆಲವು ಝೋವಾಂತಿಡ್ ಜಾತಿಗಳಲ್ಲಿ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಕಲ್ಲು ಸಾಗಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಅವು ಅಂಟಿಕೊಂಡ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸಿ ಸ್ವಚ್ಛ ಮಾಡಲು ಹೋಗಲೇಬೇಡಿ. ಆ ಹಬೆ ಉಸಿರಾಡಿ ಆಸ್ಪತ್ರೆ ಸೇರಿದ ಕುಟುಂಬಗಳು ಬೇರೆ ದೇಶಗಳಲ್ಲಿ ಇವೆ. ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ.

ಮೀನಿನ ವಿಷಯಕ್ಕೆ ಬಂದರೆ, ನಾಲ್ಕಡಿಗೆ ನೀಲಿ ಟ್ಯಾಂಗ್ ಬೇಡ. ಅಂಗಡಿಯಲ್ಲಿ ಅದು ಅಂಗೈಯಲ್ಲಿ ಹಿಡಿಯುವಷ್ಟೇ ಇರುತ್ತದೆ, ಬೆಳೆದರೆ ಒಂದಡಿ, ದಿನವಿಡೀ ಈಜುವ ಜಾತಿ. ಆರಡಿ ಕೇಳುವವರಲ್ಲಿ ಅರ್ಧ ಜನ ಈ ಒಂದು ಮೀನಿಗಾಗಿಯೇ ಕೇಳುತ್ತಾರೆ ಅಂತ ನನ್ನ ಗುಮಾನಿ. ಸಾಕಣೆಯಲ್ಲೇ ಹುಟ್ಟಿದ ಒಂದು ಜೋಡಿ ಕ್ಲೌನ್, ಒಂದೆರಡು ಗೋಬಿ, ಸ್ವಚ್ಛ ಮಾಡುವ ಸೀಗಡಿ, ಬಸವನಹುಳು. ಎರಡಡಿಯಲ್ಲಿ ಇದ್ದವರೇ ಈಗ ನಾಲ್ಕಡಿಯಲ್ಲಿ ಇದ್ದಾರೆ. ಬಂದವರು "ಇಷ್ಟು ದೊಡ್ಡದರಲ್ಲಿ ಇಷ್ಟೇ ಮೀನಾ?" ಅಂತಾರೆ. ಹೌದು, ಇಷ್ಟೇ.

ಹಳೇ ಎರಡಡಿ ಟ್ಯಾಂಕ್ ಮಾರ್ತೀರಾ ಅಂತ ಇನ್‌ಬಾಕ್ಸಿನಲ್ಲಿ ಕೇಳಬೇಡಿ. ಅದು ಹೊಸ ಮೀನುಗಳ ಕ್ವಾರಂಟೈನ್‌ಗೆ ಬೇಕು. ತಾಮ್ರದ ಔಷಧಿ ಹಾಕುವುದು ಅದರಲ್ಲೇ. ಮಶ್ರೂಮ್ ತುಂಡು ಬೇಕಿದ್ದವರು ಬನ್ನಿ, ದುಡ್ಡು ಬೇಡ. ಮುಚ್ಚಳ ಇರುವ ಡಬ್ಬಿ ನೀವೇ ತನ್ನಿ. ಸ್ಪ್ರೇ ಮುಗಿಸಿ ನೇರ ತೋಟದಿಂದ ಬರಬೇಡಿ.