ಕಂಬದೊಳಗಿಂದ ಬಂತು ಫೋನು

ಹಳೇ ಕಂಪನಿ ನಾಟಕಗಳಲ್ಲಿ ಸತ್ತವರಿಗೂ ನೆಮ್ಮದಿ ಇರಲಿಲ್ಲ. ಸಾಯುವ ಮುಂಚೆ ಹಾಡಿದ ಹಾಡು ಜನಕ್ಕೆ ಹಿಡಿಸಿಬಿಟ್ಟರೆ 'ಒನ್ಸ್ ಮೋರ್' ಅಂತ ಕೂಗು ಏಳುತ್ತಿತ್ತಂತೆ. ಆಗ ಹೆಣ ಎದ್ದು ಕೂತು, ಕಿರೀಟ ಸರಿ ಮಾಡಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದು ಸಲ ನೋಡಿ, ಅದೇ ಹಾಡನ್ನ ಮತ್ತೆ ಹಾಡಿ, ಮತ್ತೆ ಸಾಯಬೇಕು. ನಾಟಕದ ಹುಚ್ಚಿರುವ ಹಿರಿಯರು ಯಾರೇ ಸಿಕ್ಕಲಿ, ಈ ಕಥೆ ಹೇಳದೆ ಬಿಡುವುದಿಲ್ಲ. ಇದರಲ್ಲಿ ಹಾಡಿದೆ, ನಗು ಇದೆ, ಎದ್ದು ಕೂರುವ ಹೆಣವೂ ಇದೆ. ಹಾಸ್ಯ, ಹಾರರ್, ಸಂಗೀತ ಮೂರನ್ನೂ ಬೆರೆಸಿ ಒಂದು ಕಿರುಚಿತ್ರ ಮಾಡೋಣ ಅಂತ ನಮ್ಮ ಹವ್ಯಾಸಿ ತಂಡದ ಹುಡುಗರು ಹೊಸದೇನೋ ಕಂಡುಹಿಡಿದವರ ಹಾಗೆ ಕುಣಿದಾಗ ನಾನು ಹೇಳಿದ್ದು ಇಷ್ಟೇ, ಇದು ನಮ್ಮ ತಾತಂದಿರು ಮಾಡಿ ಮುಗಿಸಿದ ಕೆಲಸ ಕಣ್ರಪ್ಪಾ ಅಂತ. ಹಾಗಾದ್ರೆ ಕಥೆ ನೀವೇ ಬರೀರಿ ಅಂದರು. ಬಾಯಿ ಬಿಟ್ಟವರ ತಲೆಗೇ ಕೆಲಸ ಕಟ್ಟೋದು ನಮ್ಮ ತಂಡದ ಸಂಪ್ರದಾಯ.

ಕಥೆ ಸುಲಭದ್ದು. ಬೆಂಗಳೂರಿನ ಒಂದಷ್ಟು ಜನ ನೌಕರರು ಸೇರಿ ಪ್ರಹ್ಲಾದನ ನಾಟಕ ಆಡಲು ಒಂದು ಹಳೇ ಹಾಲ್ ಬಾಡಿಗೆಗೆ ಹಿಡಿಯುತ್ತಾರೆ. ಅಲ್ಲೊಬ್ಬ ಕಂಪನಿ ನಟನ ದೆವ್ವ ಇದೆ. ಬದುಕಿದ್ದಾಗ ಒಂದೇ ಒಂದು 'ಒನ್ಸ್ ಮೋರ್' ಸಿಗದೆ ಸತ್ತವನು. ಯಾರಾದರೂ ಶ್ರುತಿ ತಪ್ಪಿ ಹಾಡಿದರೆ ಬಂದು ನಿಲ್ಲುತ್ತಾನೆ, ಹೆದರಿಸೋಕಲ್ಲ, ತಿದ್ದೋಕೆ. ತಂಡದವರು ಗ್ರೀನ್ ರೂಮಿನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಾರೆ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ, ಬೆಂಗಳೂರಿನ ಎಷ್ಟೋ ಬೀದಿಗಳಲ್ಲೂ, ಮನೆಗೆ ಬಂದ ದೆವ್ವ ಓದಿ ವಾಪಸ್ ಹೋಗಲಿ ಅಂತ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರಲ್ಲ, ಅದೇ. ನಮ್ಮ ದೆವ್ವ ಅದನ್ನು ಓದಿ, "ಸಂಬಳ ಕೇಳಿದಾಗಲೆಲ್ಲ ನಮ್ಮ ಮ್ಯಾನೇಜರೂ ಇದನ್ನೇ ಹೇಳ್ತಿದ್ದ" ಅಂತ ಗೊಣಗಿಕೊಂಡು ಕದ ತಳ್ಳಿ ಒಳಗೆ ಬರುತ್ತದೆ. ಇಡೀ ಚಿತ್ರದಲ್ಲಿ ನನಗೆ ಸ್ವಲ್ಪ ಹೆಮ್ಮೆ ಇರೋದು ಈ ಒಂದು ಮಾತಿನ ಬಗ್ಗೆ.

ಪಾತ್ರ ಹಂಚಿಕೆಯಲ್ಲೇ ಅರ್ಧ ಜೀವ ಹೋಯಿತು. ತುಮಕೂರು, ಮಂಡ್ಯ ಕಡೆ ಪೌರಾಣಿಕ ನಾಟಕ ಆಡುವಾಗ ಪಾತ್ರಧಾರಿಗಳೇ ದುಡ್ಡು ಕೊಟ್ಟು ಪಾತ್ರ ತಗೋತಾರೆ. ದುರ್ಯೋಧನನಿಗೆ ಒಂದು ರೇಟು, ದ್ವಾರಪಾಲಕನಿಗೆ ಒಂದು ರೇಟು. ಬಹಳ ಒಳ್ಳೇ ಪದ್ಧತಿ. ಯಾರು ದುಡ್ಡು ಕೊಟ್ಟರೋ ಅವರಿಗೆ ಗದೆ, ಜಗಳ ಮುಗೀತು. ನಾವು ವಿದ್ಯಾವಂತರು ನೋಡಿ, ಆಡಿಷನ್ ಮಾಡಿದೆವು. ಹಿರಣ್ಯಕಶಿಪುವಿಗೆ ಬಂದವರೆಲ್ಲ ಒಂದೇ ಥರ ಹುಬ್ಬು ಹಾರಿಸಿದರು, ಒಂದೇ ಥರ ಮೀಸೆ ಮೇಲೆ ಕೈ ಇಟ್ಟರು. 1983ರಲ್ಲಿ 'ಭಕ್ತ ಪ್ರಹ್ಲಾದ' ಬಂದ ಮೇಲೆ ಕರ್ನಾಟಕದಲ್ಲಿ ಯಾರೇ ಹಿರಣ್ಯಕಶಿಪು ಆಗಲಿ, ಅವರೊಳಗೆ ಅಣ್ಣಾವ್ರು ಬಂದು ಕೂತುಬಿಡುತ್ತಾರೆ, ಅಲ್ವಾ? ಅಣ್ಣಾವ್ರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಗುಬ್ಬಿ ಕಂಪನಿಯಲ್ಲಿ ಇಂಥ ರೌದ್ರ ಪಾತ್ರಗಳಿಗೆ ಹೆಸರಾದವರು. ಅಂದರೆ ಅದು ಮನೆತನದ ಗರ್ಜನೆ. ನಮ್ಮವರ ಗಂಟಲಿಗೆ ಅದು ಎಲ್ಲಿಂದ ಬರಬೇಕು? ಕೊನೆಗೆ ಆಯ್ಕೆಯಾದವರು ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರು. "ಎಲ್ಲಿದ್ದಾನೆ ನಿನ್ನ ಹರಿ?" ಅನ್ನೋದನ್ನ ರಸೀದಿ ಎಲ್ಲಿ ಅಂತ ಕೇಳಿದ ಹಾಗೆ ಕೇಳುತ್ತಿದ್ದರು. ನಿಜ ಹೇಳಬೇಕಂದ್ರೆ ಅದೇ ಜಾಸ್ತಿ ಭಯ ಹುಟ್ಟಿಸ್ತಿತ್ತು.

ಸಂಗೀತಕ್ಕೆ ತುಮಕೂರು ಕಡೆಯಿಂದ ಒಬ್ಬರು ಹಾರ್ಮೋನಿಯಂ ಮೇಷ್ಟ್ರು ಬಂದರು. ಹಳ್ಳಿ ಹಳ್ಳಿ ತಿರುಗಿ ರೈತರಿಗೆ, ಡ್ರೈವರ್‌ಗಳಿಗೆ ಕಂದಪದ್ಯ ಕಲಿಸಿ ಕುರುಕ್ಷೇತ್ರ ಆಡಿಸಿದವರು. ಮನುಷ್ಯ ಬಂಗಾರ. ಆದರೆ ಕಿರುಚಿತ್ರ ಅಂದರೆ ಕಿರಿದು ಅನ್ನೋದನ್ನ ಮಾತ್ರ ಒಪ್ಪಲೇ ಇಲ್ಲ. ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವ ಕೋಳಿ ಕೂಗುವಾಗ ಮಂಗಳಾರತಿ ಆಗದಿದ್ದರೆ ಅದು ಅವರ ಲೆಕ್ಕದಲ್ಲಿ ನಾಟಕವೇ ಅಲ್ಲ. "ಹನ್ನೆರಡು ನಿಮಿಷ ಮೇಷ್ಟ್ರೇ" ಅಂದರೆ, "ಆಗಲಿ ಸ್ವಾಮಿ, ನಾಂದಿಗೆ ಎಂಟು ನಿಮಿಷ ಇಟ್ಕೊಳ್ಳಿ" ಅಂದರು. ನಾಂದಿ ಅಂದರೆ ನಾಟಕದ ಶುರುವಿನಲ್ಲಿ ಹಾಡುವ ಪ್ರಾರ್ಥನೆ. ಆಮೇಲೆ ಶ್ರುತಿ. ಹಿರಣ್ಯಕಶಿಪುವಿಗೆ ಬಿಳಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೇ ಬಿಳಿ ಮನೆಯ ಶ್ರುತಿ, ಇಟ್ಟರು. ಮೈಕ್ ಇಲ್ಲದ ಕಾಲದಲ್ಲಿ ಕೊನೇ ಸಾಲಿನ ನೆಲದ ಗಿರಾಕಿಗೂ ಕೇಳಬೇಕು ಅಂತ ಆ ನಟರು ಅಷ್ಟು ಎತ್ತರದಲ್ಲಿ ಹಾಡುತ್ತಿದ್ದರು. ನಮ್ಮ ಲೆಕ್ಕಪತ್ರದವರು ಬಿಳಿ ಒಂದಕ್ಕೇ ಬೆವರುವವರು. ಮೊದಲ ಆಲಾಪಕ್ಕೆ ಹಾಲ್‌ನ ಹಿಂದಿನ ಮನೆಯವರು ಕಿಟಕಿ ತೆಗೆದು, ಯಾರಿಗಾದ್ರೂ ಹುಷಾರಿಲ್ವಾ, ಆಟೋ ಕರೀಬೇಕಾ ಅಂತ ವಿಚಾರಿಸಿದರು.

ಈಗ ಕಂಬದ ವಿಷಯಕ್ಕೆ ಬರ್ತೀನಿ. ಪ್ರಹ್ಲಾದನ ನಾಟಕದ ಪ್ರಾಣ ಇರೋದೇ ಕಂಬದಲ್ಲಿ. ತಂಜಾವೂರಿನ ಹತ್ತಿರ ಮೆಲಟ್ಟೂರಿನಲ್ಲಿ ಆಡುವ ಭಾಗವತ ಮೇಳ ಅನ್ನೋ ನೃತ್ಯನಾಟಕದಲ್ಲಿ ನರಸಿಂಹನ ಮುಖವಾಡಕ್ಕೆ ಪೂಜೆ ಮಾಡುತ್ತಾರೆ, ಅದನ್ನು ಹಾಕುವವರು ಉಪವಾಸ ಇರುತ್ತಾರೆ, ಮೈಮೇಲೆ ಆವೇಶ ಬಂದರೆ ಹಿಡಿದುಕೊಳ್ಳಲು ಅಕ್ಕಪಕ್ಕ ಜನ ನಿಂತಿರುತ್ತಾರೆ. ಮೇಷ್ಟ್ರು ಈ ಥರದ ಸುದ್ದಿಗಳನ್ನೆಲ್ಲ ನಮ್ಮ ನರಸಿಂಹನಿಗೆ ಮೊದಲೇ ಹೇಳಿ ಹೆದರಿಸಿಟ್ಟಿದ್ದರು. ಆ ಹುಡುಗ ಉಪವಾಸ ಮಾಡಲಿಲ್ಲ, ಎರಡು ಪ್ಲೇಟ್ ಬಿಸಿಬೇಳೆಬಾತ್ ತಿಂದು ಕಂಬದೊಳಗೆ ಹೋದ. ಮೊದಲ ಕಂಬ ಥರ್ಮಾಕೋಲಿನದ್ದು, ರಿಹರ್ಸಲ್ ದಿನ ಯಾರೋ ಒರಗಿಕೊಂಡರು ಅಂತ ಎರಡು ತುಂಡಾಯಿತು. ಆ ಸಿಟ್ಟಿಗೆ ನಮ್ಮ ನಿರ್ದೇಶಕರು ಪ್ಲೈವುಡ್ ಕಂಬ ಮಾಡಿಸಿದರು. ಮುಂದಿನ ಭಾಗಕ್ಕೆ ಮಾತ್ರ ರಟ್ಟು, ಅದರ ಮೇಲೆ ಕಲ್ಲಿನ ಬಣ್ಣ. ಬಡಗಿ ಒಳ್ಳೇ ಕೆಲಸಗಾರ. ರಟ್ಟು ಅಲ್ಲಾಡಬಾರದು ಅಂತ ಅವನ ಪಾಡಿಗೆ ಅವನು ಒಳಗಡೆಯಿಂದ ಎರಡು ಅಡ್ಡಪಟ್ಟಿ ಹೊಡೆದಿದ್ದ.

ಕ್ಯಾಮೆರಾ ಓಡ್ತಾ ಇದೆ. ಹಿರಣ್ಯಕಶಿಪು ಬಿಳಿ ನಾಲ್ಕರಲ್ಲಿ ಕಿರುಚಿ ಗದೆಯಿಂದ ಕಂಬಕ್ಕೆ ಹೊಡೆದರು. ಗದೆ ಮುರಿಯಿತು. ಕಂಬ ಹಾಗೇ ಇದೆ. ಮುರಿದ ಹಿಡಿಕೆಯಲ್ಲೇ ಇನ್ನೊಂದು ಏಟು ಹಾಕಿದರು. ಒಳಗಿಂದ "ಅಯ್ಯೋ ಮೆಲ್ಲಗೆ ಸಾರ್" ಅಂತ ಕೇಳಿಸಿತು. ಮೇಷ್ಟ್ರು ಬಿಡದೆ ಹಾರ್ಮೋನಿಯಂ ಬಾರಿಸುತ್ತಲೇ ಇದ್ದಾರೆ, ಸಂದರ್ಭ ಎಂಥದ್ದೇ ಆಗಲಿ ಪೆಟ್ಟಿಗೆ ನಿಲ್ಲಬಾರದು ಅನ್ನೋದು ಅವರ ಧರ್ಮ. ಆ ಗದ್ದಲದಲ್ಲಿ ಕಂಬದೊಳಗಿಂದ ಸುಪ್ರಭಾತ ಶುರುವಾಯಿತು. ರಿಂಗ್‌ಟೋನು. ಪ್ರಹ್ಲಾದ ಆಗಿದ್ದ ಮಗುಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಕೈಮುಗಿದುಬಿಡ್ತು. ಎಲ್ಲರೂ ಉಸಿರು ಬಿಗಿಹಿಡಿದಿದ್ದೇವೆ. ಒಳಗಿಂದ ಪಿಸುಮಾತು: "ಅಮ್ಮಾ, ಕಂಬದಲ್ಲಿದ್ದೀನಿ, ಆಮೇಲೆ ಮಾಡ್ತೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಮ್ಮ, ಊಟ ಆಯ್ತು" ಅಂತ ಬೇರೆ. ಅಷ್ಟರಲ್ಲಿ ನಗು ತಡೆಯಲಾರದೆ ಹಿರಣ್ಯಕಶಿಪು ಹೊಸ್ತಿಲ ಮೇಲೆ ಕುಸಿದು ಕೂತರು. ಪುರಾಣದ ಪ್ರಕಾರ ಅವರು ಸಾಯಬೇಕಾದ ಜಾಗವೂ ಅದೇ. ಆಮೇಲೆ ಸುತ್ತಿಗೆ ತಂದು ಹಿಂದಿನ ಪ್ಲೈವುಡ್ ಕಿತ್ತು ನರಸಿಂಹನನ್ನು ಹೊರಗೆ ತೆಗೆಯಬೇಕಾಯಿತು. ಬೆವರಿಗೆ ಮೇಕಪ್ ಇಳಿದು, ಜಟೆ ಒಂದು ಕಿವಿಗೆ ಜೋತುಬಿದ್ದು, ಅವನು ಹೊರಗೆ ಬಂದ ರೀತಿ ನೋಡಿದರೆ, ಚಿತ್ರದಲ್ಲಿ ನಿಜವಾಗಿ ಹೆದರಿಕೆ ಆಗುವ ದೃಶ್ಯ ಅದೊಂದೇ. ಕ್ಯಾಮೆರಾ ಆ ಹೊತ್ತಿಗೆ ಆಫ್ ಆಗಿತ್ತು.

ಇದೇ ನಾಡಲ್ಲಿ ಗುಬ್ಬಿ ಕಂಪನಿಯವರು 1934ರಲ್ಲಿ ಕುರುಕ್ಷೇತ್ರ ಆಡಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದಿದ್ದರು. ಆ ಆನೆಗಳ ಹತ್ತಿರ ಫೋನ್ ಇರಲಿಲ್ಲ ಅನ್ನೋದು ಅವರ ಪುಣ್ಯ.

ದೆವ್ವದ ದೃಶ್ಯಗಳಿಗೆ ಹೊಗೆ ಬೇಕಿತ್ತು. ಫಾಗ್ ಮಷೀನ್ ಬಾಡಿಗೆ ಕೇಳಿ ಖಜಾಂಚಿ ಸಾಂಬ್ರಾಣಿ ತಂದರು. ಹೊಗೆಯೇನೋ ಜೋರಾಗಿ ಬಂತು, ಆದರೆ ಅದರ ವಾಸನೆಗೆ ಭಯ ಹೋಗಿ ಭಕ್ತಿ ಬಂದುಬಿಡ್ತು. ಬೀದಿಯವರು ಇಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಪೂಜೆ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಕೇಳಿದರು. ಇನ್ನು ಆ ಹಾಲ್‌ನ ಎಲ್‌ಇಡಿ ಟ್ಯೂಬ್‌ಲೈಟುಗಳು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸೈಕಲ್ಲಿನದು, ಅಗ್ಗದ ದೀಪ ಅದಕ್ಕೆ ತಕ್ಕ ಹಾಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಕ್ಯಾಮೆರಾದ ಶಟರ್ ವೇಗವನ್ನ ಸೆಕೆಂಡಿನ 1/50ಕ್ಕೆ ಇಡದೆ ತೆಗೆದ ದೃಶ್ಯಗಳಲ್ಲೆಲ್ಲ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಉರುಳುತ್ತಿದ್ದವು. ದೆವ್ವ ಬಂದಾಗ ಹಾಗಾದರೆ ಸರಿ. ಖಜಾಂಚಿ ಇಡ್ಲಿ ತಿನ್ನುವ ದೃಶ್ಯದಲ್ಲೂ ಹಾಗೇ ಆಗಬೇಕಾ?

ದೆವ್ವದ ಪಾತ್ರಧಾರಿಗೆ ರಾತ್ರಿ ಒಂದು ಗಂಟೆಗೆ ಟೀ ಬೇಕೇ ಬೇಕು. ಮುಖಕ್ಕೆ ಬಿಳಿ ಬಣ್ಣ, ಕಣ್ಣಿನ ಸುತ್ತ ಕಾಡಿಗೆ, ಹರಿದ ಜರತಾರಿ ಅಂಗಿ, ಅದೇ ವೇಷದಲ್ಲಿ ಮೂಲೆಯ ಸೈಕಲ್ ಟೀಯವನ ಹತ್ತಿರ ಹೋದರು. ಹಿಂದೆಯೇ ನಮ್ಮ ಹುಡುಗರು ಮೊಬೈಲ್ ಹಿಡಿದು ಅಡಗಿ ಕೂತರು, ಟೀಯವನು ಕಿರುಚೋದನ್ನ ಹಿಡಿಯೋಣ ಅಂತ. ಅವನು ತಲೆಯೆತ್ತಿ ಮೇಲಿಂದ ಕೆಳಗಿನ ತನಕ ನೋಡಿ, ಫ್ಲಾಸ್ಕ್ ಒತ್ತಿ, "ಚಿಲ್ಲರೆ ಕೊಡಿ ಸಾರ್, ಇಲ್ಲಾಂದ್ರೆ ಸ್ಕ್ಯಾನ್ ಮಾಡಿ" ಅಂದ. ಬೆಂಗಳೂರಲ್ಲಿ ರಾತ್ರಿ ವ್ಯಾಪಾರ ಮಾಡೋರನ್ನ ಹೆದರಿಸೋದು ದೆವ್ವದ ಕೈಲಾಗುವ ಕೆಲಸ ಅಲ್ಲ.

ಅಂತೂ ಎಡಿಟಿಂಗ್ ಆಯಿತು. ಕಂಬದ ಫೋನ್ ಕರೆಯನ್ನ ಹಾಗೇ ಇಟ್ಟೆವು, ನೋಡಿದವರೆಲ್ಲ ನಗುವುದು ಅಲ್ಲೇ. ಮೇಷ್ಟ್ರಿಗೆ ಮೊಬೈಲಿನಲ್ಲಿ ತೋರಿಸಿದೆವು. ಕನ್ನಡಕ ಏರಿಸಿ ಕೊನೇ ತನಕ ಅಲ್ಲಾಡದೆ ನೋಡಿ, "ನಾಂದಿ ಎಲ್ಲಿ?" ಅಂದರು. ಕಾಪಿಯಲ್ಲಿ ಇರಲಿಲ್ಲ. ನಾಂದಿ ಇಲ್ಲದ ನಾಟಕ ನೋಡಿದ್ದಕ್ಕೆ ಅವರು ಮಧ್ಯಾಹ್ನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಹಿರಿಯರ ಮನಸ್ಸು ನೋಯಿಸೋದು ಬೇಡ ಅಂತ ಪೂರ್ತಿ ಸೇರಿಸಿದೆವು. ಈಗ ಚಿತ್ರ ಇಪ್ಪತ್ತು ನಿಮಿಷ ಆಗಿದೆ. ನಾವು ಕಳಿಸಬೇಕೆಂದಿರುವ ಸ್ಪರ್ಧೆಯವರು ಹದಿನೈದು ನಿಮಿಷ ಮೀರುವ ಹಾಗಿಲ್ಲ ಅಂತಾರೆ. ಏನು ಕತ್ತರಿಸೋದು ಅಂತ ನಾವು ತಲೆ ಕೆಡಿಸಿಕೊಂಡಿದ್ದರೆ ಮೇಷ್ಟ್ರೇ ದಾರಿ ತೋರಿಸಿದ್ದಾರೆ: "ಆ ದೆವ್ವದ ಸೀನುಗಳನ್ನ ತೆಗೆದುಬಿಡಿ ಸ್ವಾಮಿ, ಕಥೆಗೆ ಏನೂ ತೊಂದರೆ ಆಗಲ್ಲ."